ಚಿಣ್ಣರ ಕನ್ನಡಕದಲ್ಲಿ ‘ಸಿಲಿಂಡರ್’ಗೇನು ಕೆಲಸ?



ಮಗುವಿಗೆ ಕನ್ನಡಕ ಬಂತು ಅಂದರೆ ಸಾಕು, ಮನೆಯಲ್ಲಿ ಪಂಚಾಯಿತಿ ಶುರು. “ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ” ಅಂತ ಅತ್ತೆಯವರು, “ಮೊಬೈಲು ಕೊಟ್ಟು ಕೂರಿಸಿದ್ದು ನೀನೇ” ಅಂತ ಯಜಮಾನರು, “ಹೆಣ್ಣುಮಗು, ಈಗಲೇ ಸೋಡಾಬುಡ್ಡಿ ಹಾಕಿಸಿದರೆ ಮುಂದೆ ಹೇಗೆ?” ಅಂತ ಪಕ್ಕದ ಮನೆಯವರು. ಎಲ್ಲವೂ ಬಂದು ಬೀಳುವುದು ತಾಯಿಯ ತಲೆಯ ಮೇಲೇ. ಈ ಗಲಾಟೆಯಲ್ಲಿ ಡಾಕ್ಟರು ಕೊಟ್ಟ ಚೀಟಿಯಲ್ಲಿ ಏನು ಬರೆದಿದೆ ಅಂತ ನೋಡುವವರೇ ಇರುವುದಿಲ್ಲ. ನನ್ನ ಕಿರಿಮಗಳಿಗೆ ಐದನೇ ವರ್ಷಕ್ಕೇ ‘ಸಿಲಿಂಡರ್ ಪವರ್’ ಇದೆ ಅಂತ ಗೊತ್ತಾಯಿತು. ಅಂದಿನಿಂದ ಡಾಕ್ಟರನ್ನು ಕೇಳಿ ಕೇಳಿ ನಾನು ತಿಳಿದುಕೊಂಡದ್ದನ್ನು ಈ ಸಲ ನಿಮ್ಮ ಮುಂದೆ ಇಡುತ್ತೇನೆ.

ಇದಕ್ಕೆ ಡಾಕ್ಟರುಗಳು ಹೇಳುವ ಹೆಸರು ಅಸ್ಟಿಗ್ಮ್ಯಾಟಿಸಂ. ಹೆಸರು ದೊಡ್ಡದು, ವಿಷಯ ಅಡಿಗೆಮನೆಯಲ್ಲೇ ತಿಳಿಯುವಂಥದ್ದು. ಫಳಫಳ ಬೆಳಗಿದ ಒಂದು ದುಂಡನೆಯ ಸೌಟು, ಒಂದು ಊಟದ ಚಮಚ ತೆಗೆದುಕೊಳ್ಳಿ. ಸೌಟಿನ ಬೆನ್ನಿನಲ್ಲಿ ಮುಖ ನೋಡಿಕೊಂಡರೆ ಪುಟ್ಟದಾಗಿ, ಆದರೂ ಮುಖದ ಹಾಗೇ ಕಾಣುತ್ತದೆ. ಚಮಚವನ್ನು ನೆಟ್ಟಗೆ ಹಿಡಿದು ನೋಡಿದರೆ ಮುಖ ನುಗ್ಗೆಕಾಯಿಯ ಹಾಗೆ ಉದ್ದವಾಗುತ್ತದೆ. ಯಾಕೆಂದರೆ ಸೌಟು ಎಲ್ಲ ಕಡೆಗೂ ಒಂದೇ ಸಮ ಬಾಗಿದೆ. ಚಮಚ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ ಬಾಗಿದೆ. ನಮ್ಮ ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಗೆ ಕಾರ್ನಿಯಾ ಅನ್ನುತ್ತಾರೆ. ಅದು ಸೌಟಿನ ಬೆನ್ನಿನಂತಿದ್ದರೆ ಒಳಗೆ ಬಂದ ಬೆಳಕು ಒಂದೇ ಕಡೆ ಕೂಡುತ್ತದೆ. ಚಮಚದ ಬೆನ್ನಿನಂತಿದ್ದರೆ ಅಡ್ಡಗೆರೆಯ ಬೆಳಕು ಒಂದು ಕಡೆ, ಉದ್ದಗೆರೆಯ ಬೆಳಕು ಇನ್ನೊಂದು ಕಡೆ ಕೂಡಿ, ಚಿತ್ರ ಕಲಸಿಹೋಗುತ್ತದೆ. ದೂರದ್ದೂ ಮಸುಕು, ಹತ್ತಿರದ್ದೂ ಮಸುಕು.

ಇದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ಆಕಾರ. ನೀವು ಮೊಬೈಲು ಕೊಟ್ಟದ್ದರಿಂದ ಬಂದದ್ದಲ್ಲ. (ಹಾಗಂತ ಮೊಬೈಲು ಕೊಡಿ ಅನ್ನುತ್ತಿಲ್ಲ, ದೂರದ್ದು ಕಾಣದಿರುವ ಮೈನಸ್ ಪವರ್ ಬೆಳೆಯದಿರಲು ಮಕ್ಕಳು ಬಯಲಲ್ಲಿ ಆಡುವುದು ಒಳ್ಳೆಯದು.) ಹಸುಗೂಸುಗಳಲ್ಲಿ ಇದು ಸಾಮಾನ್ಯ, ಎಷ್ಟೋ ಮಕ್ಕಳಿಗೆ ಮೊದಲ ಕೆಲವು ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದರೆ ಕನ್ನಡಕ ಬೇಕಾಗುತ್ತದೆ.

ಈಗ ಚೀಟಿ ಕೈಗೆ ತೆಗೆದುಕೊಳ್ಳಿ. ಮೊದಲ ಕಾಲಂ ‘ಸ್ಫಿಯರ್’, ಅಂದರೆ ಎಲ್ಲ ದಿಕ್ಕಿಗೂ ಒಂದೇ ಆದ ಪವರ್. ಎರಡನೆಯದು ‘ಸಿಲಿಂಡರ್’, ಒಂದು ದಿಕ್ಕಿಗೆ ಮಾತ್ರ ಬೇಕಾದ ಪವರ್. ಮೂರನೆಯದು ‘ಆಕ್ಸಿಸ್’, ಆ ಸಿಲಿಂಡರನ್ನು ಯಾವ ಕೋನದಲ್ಲಿ ಕೂರಿಸಬೇಕು ಅನ್ನುವ ಲೆಕ್ಕ. ಇದು 1ರಿಂದ 180 ಡಿಗ್ರಿಯವರೆಗೆ ಇರುತ್ತದೆ. 180 ಅಂತ ಕಂಡು “ಅಯ್ಯೋ, ಇಷ್ಟೊಂದು ಪವರಾ!” ಅಂತ ಎದೆ ಒಡೆದುಕೊಳ್ಳಬೇಡಿ, ಅದು ಪವರೇ ಅಲ್ಲ. ಇನ್ನೊಂದು ಮಾತು. ಒಬ್ಬ ಡಾಕ್ಟರು −1.00, ಸಿಲಿಂಡರ್ +2.00, ಆಕ್ಸಿಸ್ 90 ಅಂತ ಬರೆದು, ಇನ್ನೊಬ್ಬರು +1.00, ಸಿಲಿಂಡರ್ −2.00, ಆಕ್ಸಿಸ್ 180 ಅಂತ ಬರೆದರೆ ಇಬ್ಬರದೂ ಒಂದೇ ಗಾಜು! ಬರೆಯುವ ಪದ್ಧತಿ ಬೇರೆ, ಅಷ್ಟೆ.

ಇನ್ನು ಮುಖ್ಯ ಮಾತಿಗೆ ಬರೋಣ. ದೊಡ್ಡವರಿಗೆ ಕನ್ನಡಕ ಆರು ತಿಂಗಳು ತಡವಾದರೆ ತಲೆನೋವು ಬಂದೀತು, ಅಷ್ಟೆ. ಮಕ್ಕಳ ವಿಷಯ ಹಾಗಲ್ಲ. ನೋಡುವುದನ್ನು ಕಣ್ಣಿನ ಜೊತೆಗೆ ಮೆದುಳೂ ಕಲಿಯಬೇಕು; ಆ ಕಲಿಕೆ ನಡೆಯುವುದು ಹೆಚ್ಚಾಗಿ ಏಳೆಂಟು ವರ್ಷದೊಳಗೆ. ಆ ಕಾಲದಲ್ಲಿ ಒಂದು ಕಣ್ಣು ಸದಾ ಮಸುಕು ಚಿತ್ರವನ್ನೇ ಕಳಿಸುತ್ತಿದ್ದರೆ ಮೆದುಳು ಅದನ್ನು ಕೈಬಿಡುತ್ತದೆ. ಇದನ್ನೇ ‘ಸೋಮಾರಿ ಕಣ್ಣು’ ಅನ್ನುವುದು. ವಯಸ್ಸು ಮೀರಿದ ಮೇಲೆ ಎಂಥ ಕನ್ನಡಕ ಹಾಕಿದರೂ ಆ ಕಣ್ಣಿಗೆ ಪೂರ್ತಿ ದೃಷ್ಟಿ ಬರುವುದು ಕಷ್ಟ.

ಕೆಟ್ಟದ್ದೇನೆಂದರೆ, ಮಗುವಿಗೂ ಇದು ಗೊತ್ತಾಗುವುದಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಅದರಲ್ಲೇ ಆಟ, ಪಾಠ ಎಲ್ಲ ನಡೆಯುತ್ತದೆ. ಮಗು ಹೋಗಲಿ, ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಅಂಥವರೇ ಓದುವಾಗ ತಮ್ಮ ಎಡಗಣ್ಣನ್ನು ತಾನು ಬಳಸುತ್ತಿಲ್ಲ ಅಂತ ಕಂಡುಕೊಂಡದ್ದು ದೊಡ್ಡವರಾದ ಮೇಲೆ. ಅವರು ಲೆಕ್ಕ ಹಾಕಿ ತಮಗಾಗಿ ಸಿಲಿಂಡರ್ ಗಾಜು ಮಾಡಿಸಿಕೊಂಡ ಸಂಗತಿ 1825ರಷ್ಟು ಹಳೆಯದು. ಆದ್ದರಿಂದ ಮನೆಯಲ್ಲೇ ಪರೀಕ್ಷೆ ಮಾಡಿ. ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದ ಕೂಡಲೇ ಕೈ ತಳ್ಳಿದರೆ ಅನುಮಾನ ಪಡಿ. ಕಣ್ಣು ಕಿರಿದು ಮಾಡಿ ನೋಡುವುದು, ತಲೆ ಓರೆ ಮಾಡುವುದು, ಪ–ಷ, ದ–ಧ, 3–8 ಇವುಗಳಲ್ಲಿ ಪದೇ ಪದೇ ತಪ್ಪುವುದು, ಓದು ಮುಗಿದ ಮೇಲೆ ಹಣೆನೋವು ಅನ್ನುವುದು, ಇವೂ ಗುರುತುಗಳು. ಇಂಥ ಮಗುವನ್ನು ದಡ್ಡ ಅಂತ ಬೈಯುವ ಮುಂಚೆ ಕಣ್ಣು ತೋರಿಸಿ. ಏನೂ ತೊಂದರೆ ಕಾಣದಿದ್ದರೂ ಶಾಲೆಗೆ ಸೇರಿಸುವ ಮೊದಲೊಮ್ಮೆ ತೋರಿಸುವುದು ಲೇಸು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತಾರೆ. ಅವರು ಚೀಟಿ ಕೊಟ್ಟು ಕಳಿಸಿದರೆ ಮೂಲೆಗೆ ಎಸೆಯಬೇಡಿ.

ಆಸ್ಪತ್ರೆಯಲ್ಲಿ ಮಕ್ಕಳಿಗೆ ಔಷಧಿ ಹಾಕಿ ಪಾಪೆ ಹಿಗ್ಗಿಸಿ ನೋಡುತ್ತಾರೆ. ಹತ್ತಿರದ್ದು ಮಸುಕಾಗುವುದು, ಬಿಸಿಲು ಚುಚ್ಚುವುದು ಅದರಿಂದಲೇ. ಕೆಲವು ಔಷಧಿಗೆ ಒಂದು ದಿನ, ಅಟ್ರೋಪಿನ್ ಆದರೆ ಒಂದೆರಡು ವಾರವೂ ಹಿಡಿದೀತು. ಪರೀಕ್ಷೆಯ ವಾರದಲ್ಲಿ ಹೋಗಬೇಡಿ. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪಟ್ಟಿ ಕಟ್ಟಿ ಅಂತ ಹೇಳಿದರೆ, ಆ ಹೊತ್ತಿನಲ್ಲಿ ಮಗುವಿನ ಮುಂದೆ ಅವರೆಕಾಯಿ ಸುರಿದು ಬಿಡಿಸಲು ಹೇಳಿ. ಕೈಗೂ ಕೆಲಸ, ಕಣ್ಣಿಗೂ ಕೆಲಸ; ಅಳುವುದಕ್ಕೆ ಬಿಡುವೇ ಇರುವುದಿಲ್ಲ!

ಹೊಸ ಕನ್ನಡಕ ಹಾಕಿದಾಗ “ಅಮ್ಮ, ನೆಲ ಜಾರುಬಂಡೆ ಥರ ಇದೆ” ಅಂದರೆ ಹೆದರಬೇಡಿ. ವಾರ, ಎರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೂ ಹಾಗೇ ಅಂದರೆ ಕನ್ನಡಕವನ್ನೂ ಚೀಟಿಯನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಮ್ಮ ಹುಡುಗಿಯ ಎರಡನೇ ಕನ್ನಡಕ ಹೀಗೇ ಸರಿಹೋಗಲೇ ಇಲ್ಲ. ನೋಡಿದರೆ ಅಂಗಡಿಯವರು ಒಂದು ಗಾಜಿನ ಆಕ್ಸಿಸ್ ತಪ್ಪಿಸಿದ್ದರು. ಗಾಜು ಬದಲಾಯಿಸಿ ಕೊಟ್ಟ ಮೇಲೆ ತಕರಾರೇ ಇಲ್ಲ.

ಆಕ್ಸಿಸ್ ವಿಷಯ ಅಷ್ಟು ನಾಜೂಕು. ಗಾಜು 10 ಡಿಗ್ರಿ ತಿರುಗಿ ಕುಳಿತರೆ ಮೂರರಲ್ಲಿ ಒಂದು ಪಾಲಿನಷ್ಟು ದೋಷ ಸರಿಯಾಗದೆ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಕನ್ನಡಕ ಹಾಕಿಯೂ ಮೊದಲಿದ್ದಷ್ಟೇ ದೋಷ! ಬೇಕಾದರೆ ಕನ್ನಡಕವನ್ನು ಕಣ್ಣಿನಿಂದ ಸ್ವಲ್ಪ ದೂರ ಹಿಡಿದು, ಗಾಜಿನ ಮೂಲಕ ಕಿಟಕಿಯ ಸರಳು ನೋಡುತ್ತಾ ಮೆಲ್ಲಗೆ ತಿರುಗಿಸಿ. ಸಿಲಿಂಡರ್ ಇದ್ದರೆ ಸರಳು ಓರೆಯಾಗುವುದು ನಿಮಗೇ ಕಾಣುತ್ತದೆ. ಮಗು ಮೂಗಿನ ಮೇಲೆ ಸೊಟ್ಟಗೆ ಹಾಕಿಕೊಂಡಾಗ ಆಗುವುದೂ ಇದೇ.

ನೀವು ಕೇಳುವ ಕೆಲವು ಮಾತುಗಳಿಗೆ ಉತ್ತರ:

ಕನ್ನಡಕ ಹಾಕಿದರೆ ಪವರ್ ಏರುತ್ತದೆಯೇ? ಇಲ್ಲ. ಹಾಕುವುದರಿಂದ ಏರುವುದೂ ಇಲ್ಲ, ಕಾರ್ನಿಯಾದ ಆಕಾರ ನೆಟ್ಟಗಾಗುವುದೂ ಇಲ್ಲ. ಸ್ಪಷ್ಟವಾಗಿ ಕಾಣಿಸುವುದು ಅದರ ಕೆಲಸ.

ಕ್ಯಾರೆಟ್, ಹೊನಗೊನ್ನೆ ಸೊಪ್ಪು ತಿಂದರೆ ಹೋಗುತ್ತದೆಯೇ? ಕಣ್ಣಿನ ಆರೋಗ್ಯಕ್ಕೆ ಎರಡೂ ಒಳ್ಳೆಯವು, ಧಾರಾಳವಾಗಿ ಕೊಡಿ. ಆದರೆ ಪಲ್ಯ ತಿಂದು ಚಮಚ ಸೌಟಾಗುವುದಿಲ್ಲ.

ಕಣ್ಣು ಉಜ್ಜಿದರೆ ಏನಾಗುತ್ತದೆ? ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಸಿಗೆಯಲ್ಲಿ ಅಲರ್ಜಿಯಿಂದ ಕಣ್ಣು ತುರಿಸಿ ಸದಾ ಉಜ್ಜುವ ಮಕ್ಕಳಲ್ಲಿ ಕಾರ್ನಿಯಾ ತೆಳುವಾಗಿ ಮೊನೆಯಾಗಿ ಉಬ್ಬುವ ಕೆರಟೋಕೋನಸ್ ಅನ್ನುವ ತೊಂದರೆ ಬರಬಹುದು. ತುರಿಕೆಗೆ ಔಷಧಿ ಹಾಕಿಸಿ. ಬೆಳೆದ ಮಕ್ಕಳಲ್ಲಿ ಸಿಲಿಂಡರ್ ಪವರ್ ಸರಸರ ಏರುತ್ತಿದ್ದರೆ ಬರೀ ಗಾಜು ಬದಲಾಯಿಸುತ್ತಾ ಕೂರದೆ, ಕಾರ್ನಿಯಾ ಪರೀಕ್ಷೆ ಬೇಕೇ ಅಂತ ಡಾಕ್ಟರನ್ನು ಕೇಳಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಈ ರಾತ್ರಿ ಮಗು ಮಲಗಿದ ಮೇಲೆ ಕನ್ನಡಕವನ್ನು ನಲ್ಲಿ ನೀರಿನಲ್ಲಿ, ಒಂದು ಹನಿ ಸೋಪಿನಲ್ಲಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಸೆರಗಿನ ಧೂಳು ಗಾಜಿಗೆ ಗೀರು ಹಾಕುತ್ತದೆ. ಆಮೇಲೆ ಕಡ್ಡಿಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿ. ಎರಡೂ ಕಡ್ಡಿ ಸಮನಾಗಿ ಮೇಜಿಗೆ ತಾಗಬೇಕು. ಒಂದು ಎದ್ದು ನಿಂತಿದ್ದರೆ ನಾಳೆ ಶಾಲೆಗೆ ಹೋಗುವ ಮುಂಚೆಯೇ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿಕೊಡಿ. ಐದು ನಿಮಿಷದ ಕೆಲಸ.