ನಗರ ಸೀಮೆಯ ರೈತರ ಕೂಟ: ಒಂದು ಮರುಚಿಂತನೆ

ಹಿಂದಿನ ಬಿದನೂರೆನಿಸಿದ್ದ ನಗರ ಸೀಮೆಯ 1830-31ರ ಬಂಡಾಯವನ್ನು ಬೂದಿ ಬಸವಪ್ಪನೆಂಬ ಸಿಂಹಾಸನಾಕಾಂಕ್ಷಿಯ ದಂಗೆಯೆಂದು ಎರಡು ಸಾಲುಗಳಲ್ಲಿ ಮುಗಿಸಿಬಿಡುವ ವಾಡಿಕೆಯುಂಟು. ಅದು ಅರ್ಧಸತ್ಯ. ಬಸವಪ್ಪನು ಕಿಡಿಯಾಗಿದ್ದಿರಬಹುದು, ಕಾಡನ್ನು ಒಣಗಿಸಿದ್ದು ಮಾತ್ರ ಕಂದಾಯದ ವ್ಯವಸ್ಥೆ. ಇಂತಿಷ್ಟು ಹಣ ಕಟ್ಟುವೆನೆಂದು ‘ಶರತ್ತು’ ಬರೆದುಕೊಟ್ಟ ಅಮಲ್ದಾರರು ಅದನ್ನು ರೈತನಿಂದಲೇ ಹಿಂಡಿದರು. ಅಹವಾಲಿಗೆ ನ್ಯಾಯ ದೊರೆಯದಾಗ ರೈತರು ‘ಕೂಟ’ ಸೇರಿದರು, ಕಂದಾಯ ಕೊಡಲೊಲ್ಲೆವೆಂದರು.

ದೋಷವನ್ನೆಲ್ಲ ಅರಮನೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. 1799ರ ಒಪ್ಪಂದದಂತೆ ವರ್ಷಕ್ಕೆ 7 ಲಕ್ಷ ವರಾಹಗಳನ್ನು ಮೈಸೂರು ಕಂಪನಿಗೆ ತೆರಬೇಕಾಗಿತ್ತು. ಆ ಹೊರೆಯನ್ನು ಹೊರಿಸಿದವರೇ ದಂಗೆಯನ್ನು ಸೈನ್ಯಬಲದಿಂದ ಅಡಗಿಸಿದರು. 1831ರ ಅಕ್ಟೋಬರಿನಲ್ಲಿ ದುರಾಡಳಿತದ ನೆಪವೊಡ್ಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೂ ಕಸಿದುಕೊಂಡರು.

ದೀಪಾಂಜಲಿ ನಗರದ ಮಗ್ಗುಲಲ್ಲಿ ಹಾಯುವ ಮೈಸೂರು ರಸ್ತೆಯ ಒಂದು ತುದಿಯಲ್ಲಿ ಅರಮನೆ ಉಳಿಯಿತು. ಮತ್ತೊಂದು ತುದಿಯ ಬೆಂಗಳೂರಿಗೆ ಅಧಿಕಾರ ಬಂದು ನೆಲೆಸಿತು. ಸಾಹಿತ್ಯ, ಕಲೆಗಳಿಗೆ ಉದಾರ ಆಶ್ರಯವಿತ್ತ ಆ ದೊರೆ ರಾಜ್ಯಭಾರ ಮರಳುವುದನ್ನು ಕಾಣದೆ 1868ರಲ್ಲಿ ಕಾಲವಾದರು. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ರೈತರು ಗೆಲ್ಲಲಿಲ್ಲ, ಅರಸರು ಉಳಿಸಿಕೊಳ್ಳಲಿಲ್ಲ, ಲಾಭ ಮೂರನೆಯವನಿಗಾಯಿತು. ಈ ಪಾಠವನ್ನು ಹೇಳುವಾಗ ಉಪಾಧ್ಯಾಯರು ಹಕ್ಕುದಾರನ ಕಥೆಗಿಂತ ಮೊದಲು ರೈತನ ಅಹವಾಲನ್ನು ಮಕ್ಕಳ ಮುಂದಿಡುವುದು ಉಚಿತ. ಕಾಯಕವೇ ಕೈಲಾಸವೆಂದು ಬೋಧಿಸುವ ಶಾಲೆಯಲ್ಲಿ ಕಾಯಕಜೀವಿಯ ಅಳಲಿಗೆ ಎರಡು ಸಾಲು ಸಾಲದು. ಆ ಅಳಲಿಗೆ ಕಿವಿಗೊಡದ ಗದ್ದುಗೆಯನ್ನು ವಂಶದ ಹಿರಿಮೆಯಾಗಲಿ, ದೊರೆಯ ಸದ್ಗುಣವಾಗಲಿ ಕಾಯಲಾರದು.