ಕದ್ದವನು ಹುಡುಗ ಸರಿ, ಕಲಿಸದವನು ಯಾರು?

ಪಿಎಚ್.ಡಿ. ಮಾಡುತ್ತಿರುವ, ಮಾಡಬೇಕೆಂದು ಹೊರಟಿರುವ ಗೆಳೆಯರೇ, ಒಂದು ಹಳೇ ಸುದ್ದಿ ನೆನಪಿಸುತ್ತೇನೆ. 2011ರಲ್ಲಿ ಅಡ್ವಾನ್ಸ್ಡ್ ಮೆಟೀರಿಯಲ್ಸ್ ಎಂಬ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳ ಲೇಖನವೊಂದು ಬಂತು. ಬರೆದವರಲ್ಲಿ ಒಬ್ಬರು ನಮ್ಮ ಸಿ.ಎನ್.ಆರ್. ರಾವ್. ಅದರಲ್ಲಿದ್ದ ಕೆಲವು ಸಾಲುಗಳನ್ನು ಬೇರೆಯವರು ಆಗಲೇ ಬೇರೊಂದು ಪತ್ರಿಕೆಯಲ್ಲಿ ಬರೆದಾಗಿತ್ತು. ಲೇಖಕರು ಕ್ಷಮೆ ಕೇಳಿದರು. 2012ರಲ್ಲಿ ಸುದ್ದಿ ಹೊರಬಿದ್ದಾಗ, ಆ ಸಾಲು ಬರೆದದ್ದು ಸಂಶೋಧನಾ ವಿದ್ಯಾರ್ಥಿ ಎಂಬ ವಿವರಣೆ ಬಂತು. ಪ್ರಯೋಗ ಅವರದೇ, ಫಲಿತಾಂಶ ಅವರದೇ, ಎರವಲು ಬಂದದ್ದು ಸಾಲು ಮಾತ್ರ.

ರಾವ್ ಅವರನ್ನು ಹಣಿಯಲು ಇದನ್ನು ಎತ್ತುತ್ತಿಲ್ಲ. 2014ರಲ್ಲಿ ಭಾರತರತ್ನ ಪಡೆದ ಆ ಹಿರಿಯರ ಸಾಧನೆ ಆ ನಾಲ್ಕು ಸಾಲಿನಿಂದ ಕರಗುವಂಥದ್ದಲ್ಲ. ನನ್ನ ಪ್ರಶ್ನೆ ಬೇರೆ. ಅಂಥ ದೊಡ್ಡ ಲ್ಯಾಬಿನ ಹುಡುಗನಿಗೇ ಯಾರದೋ ವಾಕ್ಯ ಎತ್ತುವುದು ತಪ್ಪೆಂದು ಮನದಟ್ಟಾಗಿರಲಿಲ್ಲ ಅಂದರೆ, ಗೈಡ್ ಮುಖವನ್ನು ತಿಂಗಳಿಗೊಮ್ಮೆ ನೋಡುವ ನಮ್ಮ ಜಿಲ್ಲೆಗಳ ಹುಡುಗರ ಗತಿಯೇನು?

ನನ್ನದೇ ಕತೆ ಕೇಳಿ. ಪಿಎಚ್.ಡಿ.ಗೆ ಸೇರಿದ ಮೊದಲ ದಿನ ನನ್ನ ಗೈಡ್ ಸಾಹೇಬರು ಬೀರು ತೋರಿಸಿದರು. "ಅದರಲ್ಲಿ ಹಳೇ ಥೀಸಿಸ್‌ಗಳಿವೆ. ನೋಡಿಕೊಂಡು ಹಾಗೇ ಮಾಡು." ಮಾರ್ಗದರ್ಶನ ಅಲ್ಲಿಗೆ ಮುಗಿಯಿತು! "ಹಾಗೇ" ಎಂದರೆ ಎಷ್ಟು ಹಾಗೇ? ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷ್ ವಾಕ್ಯವನ್ನು ಮುಟ್ಟಿದರೆ ಎಲ್ಲಿ ಮುರಿದುಹೋಗುತ್ತದೋ ಎಂಬ ಭಯ. ಆದ್ದರಿಂದ ಮುರಿಯದಂತೆ ಜೋಪಾನವಾಗಿ ಎತ್ತಿ ನನ್ನ ಅಧ್ಯಾಯದಲ್ಲಿಟ್ಟೆ. ಒಂದಲ್ಲ, ಪುಟಗಟ್ಟಲೆ. ಕಳ್ಳತನ ಅನ್ನಿಸಲೇ ಇಲ್ಲ, ಓದಿನ ಶ್ರದ್ಧೆ ಅಂದುಕೊಂಡಿದ್ದೆ.

ಉಳಿಸಿದವರು ಬೇರೆ ವಿಭಾಗದ ಒಬ್ಬ ಮೇಷ್ಟ್ರು. ಅಧ್ಯಾಯ ಓದಿ ಬೈಯಲಿಲ್ಲ. "ಪುಸ್ತಕ ಮುಚ್ಚು. ಇದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳು" ಅಂದರು. ಬಾಯಿ ಕಟ್ಟಿತು. ಅರ್ಧ ನನಗೇ ಅರ್ಥವಾಗಿರಲಿಲ್ಲ! ಮೂರು ಸಂಜೆ ಕೂರಿಸಿಕೊಂಡರು. ಮೊದಲು ಕನ್ನಡದಲ್ಲಿ ಹೇಳು, ಹೇಳಿದ್ದನ್ನು ಬರೆ, ಆಮೇಲೆ ಇಂಗ್ಲಿಷಿಗೆ ತಾ, ಕೊನೆಗೆ ಪುಸ್ತಕ ತೆರೆದು ಯಾರಿಂದ ಏನು ಪಡೆದೆ ಅಂತ ಹೆಸರು ಹಾಕು. ಪ್ರಾಮಾಣಿಕತೆಯ ಪಾಠ ಅಂತ ನನಗೆ ಜೀವನದಲ್ಲಿ ಸಿಕ್ಕಿದ್ದು ಆ ಮೂರು ಸಂಜೆ.

ಈಗ ಸರ್ಕಾರದ ಮದ್ದು ನೋಡಿ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ತಂದಿತು. ಪ್ರಬಂಧದಲ್ಲಿ ಶೇ. 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆಯಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಪ್ರಬಂಧದಲ್ಲಿ ಕೃತಿಚೌರ್ಯ ಇಲ್ಲವೆಂದು ಸರ್ಟಿಫಿಕೇಟ್ ಬರೆದುಕೊಡುವವರು ಗೈಡ್. ಆದರೆ ಪ್ರಬಂಧದಲ್ಲಿ ಚೌರ್ಯ ಸಿಕ್ಕಿದರೆ ಈ ಶಿಕ್ಷೆಯ ಪಟ್ಟಿ ಯಾರಿಗೆ? ವಿದ್ಯಾರ್ಥಿಗೆ! ಸಹಿ ಒಬ್ಬರದು, ಏಟು ಇನ್ನೊಬ್ಬರಿಗೆ.

ಪರಿಣಾಮ ಏನಾಯಿತು? ಕದಿಯಬಾರದು ಎಂಬುದು ಹೋಗಿ, ಹತ್ತು ಪರ್ಸೆಂಟ್ ದಾಟಬಾರದು ಎಂಬುದೇ ನೀತಿಯಾಯಿತು. ಪದ ಅದಲುಬದಲು ಮಾಡಿ ಪರ್ಸೆಂಟ್ ಇಳಿಸಿಕೊಡುವವರು ಹುಟ್ಟಿಕೊಂಡರು. ಈಗಂತೂ ಆ ಕೆಲಸವನ್ನು ಕಂಪ್ಯೂಟರೇ ಪುಕ್ಕಟೆ ಮಾಡಿಕೊಡುತ್ತದೆ. ಇನ್ನು ಹಾಸ್ಟೆಲ್ ರೂಮಿನಲ್ಲಿ ಕೂತು ಮುನ್ನೂರು ಪ್ರಶ್ನಾವಳಿ ತಾನೇ ತುಂಬಿದವನನ್ನು ಯಾವ ತಂತ್ರಾಂಶ ಹಿಡಿಯುತ್ತದೆ ಸ್ವಾಮಿ? ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿ ಪತ್ರಿಕೆಗೆ ಹೋದ ಲೇಖನವನ್ನು 2021ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಅಲ್ಲಿ ತಿರುಚಿದ್ದು ಪ್ರಯೋಗದ ಚಿತ್ರಗಳನ್ನು. ಅನುಮಾನ ಎತ್ತಿದ್ದು ಚಿತ್ರಗಳನ್ನು ಕಣ್ಣಿಟ್ಟು ನೋಡಿದ ಓದುಗರು. ಇಂಗ್ಲಿಷ್ ಪುಸ್ತಕವನ್ನು ಸಾಲುಸಾಲಾಗಿ ಕನ್ನಡಕ್ಕಿಳಿಸಿ ಸ್ವಂತದ್ದೆಂದು ಕೊಡುವ ನಮ್ಮವರ ಚಾಳಿಯೂ ಕಳ್ಳತನವೇ. ನಮ್ಮ ಭಾಷೆ ಎಂದು ಅದಕ್ಕೆ ವಿನಾಯಿತಿ ಬೇಡ.

ಪಾಠ ಇಲ್ಲವೆಂದಲ್ಲ. 2019ರ ಕೊನೆಗೆ ಯುಜಿಸಿ ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ನೀತಿಯ ಎರಡು ಕ್ರೆಡಿಟ್ ಪಾಠ ಕಡ್ಡಾಯ ಮಾಡಿತು. ಒಟ್ಟು 30 ಗಂಟೆ. ಒಳ್ಳೆಯದೇ. ಆದರೆ ಈಜು ಕಲಿಸುವವನು ದಡದಲ್ಲಿ ನಿಂತು ಭಾಷಣ ಬಿಗಿದರೆ ಆಯಿತೇ? ಅದೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ! ಪರೀಕ್ಷೆಗೆ ವ್ಯಾಖ್ಯೆ ಉರುಹೊಡೆದು ಪಾಸಾದವನು ಮರುದಿನ ಲ್ಯಾಬಿನಲ್ಲಿ ಕಲಿಯುವುದು ಗೈಡ್ ಏನು ಮಾಡುತ್ತಾರೋ ಅದನ್ನೇ. ಕೆಲಸ ಮಾಡದ ಸಾಹೇಬರ ಹೆಸರು ಲೇಖನದಲ್ಲಿ ಮೊದಲು ಬಂದರೆ, ಆ 30 ಗಂಟೆ ನೀರಿಗೆ ಹಾಕಿದ ಹುಣಸೆಹಣ್ಣು.

ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಎಂಟು ಜನ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಎಂಟು ಜನರಿಗೆ ವಾರಕ್ಕೊಂದೊಂದು ಗಂಟೆ ಕೊಡಲಾರದವರು ಎಂಟು ಜನರನ್ನು ಯಾಕೆ ಇಟ್ಟುಕೊಳ್ಳಬೇಕು? ಆ ಗಂಟೆಯಲ್ಲಿ ಮಾಡಬೇಕಾದ್ದು ಮಹಾ ಏನಲ್ಲ. ನೋಟ್‌ಬುಕ್‌ಗೆ ಪುಟಸಂಖ್ಯೆ, ತಾರೀಖು ಇದೆಯೇ, ಹಾಳೆ ಹರಿದಿದೆಯೇ, ಕೈಕೊಟ್ಟ ಪ್ರಯೋಗವನ್ನೂ ಬರೆದಿದ್ದಾನೆಯೇ ಅಂತ ನೋಡುವುದು. ಸಂದರ್ಶನದ ಟೇಪು ಕೇಳುವುದು. ಲೇಖನದಲ್ಲಿ ಯಾರ ಹೆಸರು ಎಲ್ಲಿ ಅಂತ ಬರೆಯುವ ಮೊದಲೇ ಮಾತಾಡುವುದು. "ಸಾರ್, ನೀವು ಅಂದುಕೊಂಡ ಫಲಿತಾಂಶ ಬರಲಿಲ್ಲ" ಅಂದ ಹುಡುಗಿಯ ಮೇಲೆ ರೇಗದಿರುವುದು. ಎಲ್ಲಕ್ಕಿಂತ ಕಷ್ಟದ್ದು ಇದು. ರೇಗುವ ಗೈಡ್‌ಗೆ ಬೇಕಾದ ಫಲಿತಾಂಶ ಮುಂದಿನ ವಾರ ಬಂದೇ ಬರುತ್ತದೆ, ಹೇಗೆ ಬಂತು ಅಂತ ಮಾತ್ರ ಕೇಳಬೇಡಿ!

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳಿಗೆ ಹೇಳುವುದಿಷ್ಟು: ಆ 30 ಗಂಟೆಯ ಪಾಠ ಕನ್ನಡದಲ್ಲೂ ನಡೆಯಲಿ, ಮೊದಲ ಬೆಂಚಿನಲ್ಲಿ ಗೈಡ್‌ಗಳು ಕೂರಲಿ. ಪ್ರಬಂಧ ಬಿದ್ದುಹೋದರೆ ಸರ್ಟಿಫಿಕೇಟ್ ಕೊಟ್ಟವರನ್ನೂ ಕರೆದು ವಿಚಾರಿಸಲಿ. ನೀವೂ ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ಸೋಮವಾರ ಗೈಡ್ ಚೇಂಬರಿಗೆ ಹೋಗಿ ನೋಟ್‌ಬುಕ್ ಮುಂದಿಡಿ, ಓದಿ ಸಹಿ ಹಾಕಿ ಸಾರ್ ಅನ್ನಿ. ಹಾಕದಿದ್ದರೆ ಮುಂದಿನ ಸೋಮವಾರ ಮತ್ತೆ ಹೋಗಿ.