ಶಾಸನವಿಲ್ಲದ ದತ್ತಿ

ಕನ್ನಡಕ್ಕಾಗಿ ತಂತ್ರಾಂಶಗಳನ್ನೂ ಅಕ್ಷರವಿನ್ಯಾಸಗಳನ್ನೂ ರಚಿಸಿ ಲೋಕಕ್ಕೆ ಧರ್ಮಾರ್ಥವಾಗಿ ಕೊಡುವ ಮಹನೀಯರು ಸ್ತುತ್ಯರೆಂಬುದು ನಿರ್ವಿವಾದವು. ಆದರೆ ಅವರಲ್ಲಿ ಕೆಲವರು ಕೃತಿಯ ಮೇಲೆ ‘ಉಚಿತ’ ಎಂಬ ಒಂದೇ ಮಾತನ್ನು ಬರೆದು ಸುಮ್ಮನಾಗುವರು. (ಸಂಸ್ಕೃತದಲ್ಲಿ ಉಚಿತವೆಂದರೆ ಯೋಗ್ಯವೆಂದರ್ಥ, ಆ ಅರ್ಥದಲ್ಲಿ ಈ ನಡತೆಯು ಉಚಿತವಲ್ಲ.) ಪಡೆದವನು ಅದನ್ನು ತಿದ್ದಬಹುದೇ, ಪ್ರತಿಮಾಡಿ ಹಂಚಬಹುದೇ, ಇನ್ನೊಂದು ಕೃತಿಯೊಳಗೆ ಸೇರಿಸಬಹುದೇ ಎಂಬುದೊಂದೂ ಅಲ್ಲಿ ಕಾಣದು. ಕೇಳಿದರೆ, “ಕನ್ನಡದ ಸೇವೆಗೆ ಕರಾರುಪತ್ರವೇಕೆ? ವ್ಯಾಜ್ಯ ಹೂಡುವವರಾರು?” ಎಂಬ ಉತ್ತರವು ಸಿದ್ಧವಾಗಿದೆ.

ಈ ಪೂರ್ವಪಕ್ಷವು ಕಲ್ಯಾಣದ ನೆಲದಲ್ಲಿ ನಿಲ್ಲತಕ್ಕದ್ದಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿದ ನಗರದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಭೂಮಿಯನ್ನು ದಾನಮಾಡಿದ ಅರಸನು ಮುಂಬರುವ ಅರಸರ ತಿಳಿವಳಿಕೆಗಾಗಿ ಪಟದ ಮೇಲೋ ತಾಮ್ರದ ಮೇಲೋ ದಾನದ ಪ್ರಮಾಣವನ್ನೂ ಎಲ್ಲೆಗಳನ್ನೂ ಬರೆಯಿಸಬೇಕೆಂದು ಆ ಸ್ಮೃತಿಯ ವಿಧಿ. ಅರಸನ ಬಾಯಿಮಾತೇ ಸಾಲದಾದಲ್ಲಿ ತಂತ್ರಾಂಶದ ಕರ್ತೃವಿನ ಮೌನವು ಸಾಕಾದೀತೇ? ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಿಲಾಸುಂದರಿಯೊಬ್ಬಳು ಶಾಸನವನ್ನು ಬರೆಯುತ್ತಿರುವಳು. ಅವಳ ನಡುವನ್ನು ವರ್ಣಿಸುವವರು ಬಹುಮಂದಿ, ಕೈಯನ್ನು ನೋಡುವವರು ವಿರಳ.

ಇನ್ನು ಇಂದಿನ ವ್ಯವಹಾರ. ಭಾರತದ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಗಣಕದ ಕ್ರಮವಿಧಿಯೂ ಸಾಹಿತ್ಯಕೃತಿಯೆಂದೇ ಗಣ್ಯವಾಗಿದೆ. ಕರ್ತೃವು ಪರವಾನಗಿ ಕೊಡದಿದ್ದರೆ ಹಕ್ಕೆಲ್ಲವೂ ಅವನಲ್ಲಿಯೇ ಉಳಿದು, ಮರಣಾನಂತರ 60 ವರ್ಷ ವಾರಸುದಾರರಲ್ಲಿರುವುದು. ಅಷ್ಟರಲ್ಲಿ ಅದನ್ನು ನಡೆಯಿಸುವ ಯಂತ್ರವೇ ಉಳಿದಿರಲಾರದು! ಧರ್ಮಕ್ಕೆಂದು ತೋಡಿದ ಬಾವಿಗೆ ತಾನೇ ಬೀಗವಿಕ್ಕಿ ಹೋದಂತಾಯಿತಲ್ಲವೇ?

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಲ್ಲಿ ಪ್ರತಿಯೊಂದು ಪ್ಯಾಕೇಜಿನೊಡನೆಯೂ ಹಕ್ಕುದಾರರನ್ನೂ ಪರವಾನಗಿಯನ್ನೂ ತಿಳಿಸುವ ಕಡತವಿರಲೇಬೇಕು. ಹೊಸದನ್ನು ಪರೀಕ್ಷಕರು ನೋಡಿದ ಮೇಲೆಯೇ ಪ್ರವೇಶ. ಸಂದಿಗ್ಧವಾದುದು ಬಾಗಿಲಲ್ಲಿಯೇ ನಿಲ್ಲುವುದು, ನಷ್ಟವು ಕನ್ನಡಕ್ಕೆ. ಪ್ರಸಿದ್ಧವಾದ ಜಿಪಿಎಲ್ ಪರವಾನಗಿಯ ಹೆಸರನ್ನಷ್ಟೇ ಹೇಳಿದರೂ ತೊಡಕು ತೀರದು. 1991ರ ಎರಡನೆಯ ಆವೃತ್ತಿಗೆ ಮಾತ್ರ ಕಟ್ಟಿಕೊಟ್ಟ ಕ್ರಮವಿಧಿಯು 2007ರ ಮೂರನೆಯ ಆವೃತ್ತಿಯದರೊಡನೆ ಒಂದೇ ಕೃತಿಯಾಗಿ ಕೂಡದು. ಅಕ್ಷರಗಳಲ್ಲಿಯಾದರೋ, ಜಿಪಿಎಲ್‌ಗೆ ಒಳಪಟ್ಟ ಅಕ್ಷರವನ್ನು ಅಡಕಮಾಡಿದ ದಸ್ತಾವೇಜೂ ಅದಕ್ಕೆ ಒಳಪಡುವುದೇ ಎಂಬ ಸಂಶಯ ಬೇರೆ. ರೆಡ್ ಹ್ಯಾಟ್ ಸಂಸ್ಥೆಯು ಕನ್ನಡವೂ ಸೇರಿದ ತನ್ನ ಲೋಹಿತ್ ಅಕ್ಷರಮಾಲೆಯನ್ನು 2011ರಲ್ಲಿ ಜಿಪಿಎಲ್‌ನಿಂದ ತೆಗೆದು, ಅಕ್ಷರಗಳಿಗೆಂದೇ ರಚಿತವಾದ ಓಎಫ್‌ಎಲ್ ಪರವಾನಗಿಗೆ ಒಳಪಡಿಸಿತು. ಒಡೆತನವು ತನ್ನದಾದುದರಿಂದ ಹಾಗೆ ಮಾಡಬಲ್ಲುದಾಯಿತು.

ಪ್ಯಾಕೇಜು ಕಟ್ಟುವ ಕೆಲವರಾದರೋ ಕರ್ತೃವಿನ ಮನಸ್ಸನ್ನು ಊಹಿಸಿ ತಾವೇ ಒಂದು ಪರವಾನಗಿಯನ್ನು ಅಂಟಿಸುವರು. ಇದು ಮೊದಲಿನದಕ್ಕಿಂತ ದೊಡ್ಡ ದೋಷ. ಒಡೆಯನಲ್ಲದವನು ಮಾರುವುದಕ್ಕೆ ಸ್ಮೃತಿಕಾರರು ಅಸ್ವಾಮಿವಿಕ್ರಯವೆಂಬ ಪ್ರಕರಣವನ್ನೇ ಇಟ್ಟಿರುವರು. ವಿಕ್ರಯಕ್ಕೆ ಸಲ್ಲುವ ನ್ಯಾಯವು ದಾನಕ್ಕೂ ಸಲ್ಲುವುದು. ಅಂಥವರು ಕರ್ತೃವಿಗೆ ಪತ್ರ ಬರೆದು ಕೇಳಲಿ. ಪರವಾನಗಿಯ ಹೆಸರು, ಆವೃತ್ತಿ, ಹಕ್ಕುದಾರನ ಹೆಸರು, ವರ್ಷ ಇವನ್ನು ಮೂಲದ ಕಡತಗಳಲ್ಲಿಯೇ ಅವನಿಂದ ಬರೆಯಿಸಲಿ. ಹಲವು ಕೈಗಳು ಕೂಡಿದ ಕೃತಿಯಾದರೆ ಎಲ್ಲರನ್ನೂ ಕೇಳಬೇಕಾಗುವುದು. ಉತ್ತರವೇ ಬಾರದಿದ್ದರೆ ಅದನ್ನು ಬಿಟ್ಟು, ಆ ಕೆಲಸವನ್ನು ಮಾಡುವ ಹೊಸದೊಂದನ್ನು ಮೊದಲಿನಿಂದ ರಚಿಸಲಿ. ಮೊದಲ ಕಡತದ ನೆತ್ತಿಯಲ್ಲಿಯೇ ಪರವಾನಗಿಯನ್ನು ಬರೆಯಲಿ.